ಟಾರ್ಪಾಲ್ ಬಿಟ್ಟು ಬನ್ನಿ

ಕಾಫಿ ಹೂವಿನ ವಾಸನೆ ಬಂದರೆ ನಮ್ಮ ಕಡೆಯವರಿಗೆಲ್ಲ ಮಲ್ಲಿಗೆ ನೆನಪಾಗುತ್ತದೆ. ನನಗೆ ಮಾತ್ರ ನೀಲಿ ಟಾರ್ಪಾಲ್ ನೆನಪಾಗುತ್ತದೆ. ಹೋದ ವಾರ ಜಾವಳಿ ಊರಿನ ಒಂದು ತೋಟಕ್ಕೆ ಹಾಡಲು ಹೊರಟಿದ್ದೆವು. ಬಣಕಲ್ ದಾಟುವಾಗ ಆ ವಾಸನೆ ಪಿಕಪ್ಪಿನ ಕಿಟಕಿಯಿಂದ ಒಮ್ಮೆಲೇ ಒಳಗೆ ನುಗ್ಗಿತು. ರಸ್ತೆಯ ಎರಡೂ ಕಡೆ ರೋಬಸ್ಟಾ ಕಾಫಿ ಗಿಡಗಳು ರೆಂಬೆ ಕಾಣದಷ್ಟು ಬೆಳ್ಳಗೆ ಹೂ ಬಿಟ್ಟಿದ್ದವು. ಅಲ್ಲಿ ಮಳೆ ಬಿದ್ದು ವಾರ ಕಳೆದಿತ್ತು, ಜಾವಳಿ ಕಡೆಗೆ ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ. ನಮ್ಮಲ್ಲಿ ಮಾರ್ಚ್ ತಿಂಗಳ ಮಳೆಯೇ ಹಾಗೆ, ಒಬ್ಬರ ತೋಟಕ್ಕೆ ಬಂದು ಬೇಲಿಯಾಚೆಯವರಿಗೆ ಕೈಕೊಟ್ಟು ಹೋಗುತ್ತದೆ. ಸ್ಟೀರಿಂಗ್ ಹಿಡಿದಿದ್ದ ದಿನೇಶ ಮೂಗರಳಿಸಿ, "ಗಿರಿಜಾ, ನಿಮ್ಮಪ್ಪನ ಟಾರ್ಪಾಲ್ ನೆನಪಾಯ್ತಾ?" ಅಂದ. ನಮ್ಮಿಬ್ಬರ ನಡುವೆ ಕೂತಿದ್ದ ಮಂಜ ಮೊದಲು ನಕ್ಕ. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ನಾವು ಯಾಕೆ ನಕ್ಕೆವೆಂದು ಹೇಳಬೇಕಾದರೆ ಮೊದಲು ಟಾರ್ಪಾಲಿನ ಕಥೆ ಹೇಳಬೇಕು. ನಾನು ಮೂಡಿಗೆರೆಯ ಟಾರ್ಪಾಲ್ ಅಂಗಡಿ ರುದ್ರಪ್ಪನವರ ಮಗಳು. ಟಾರ್ಪಾಲ್, ನೈಲಾನ್ ಹಗ್ಗ, ಗೋಣಿಚೀಲ, ಚೀಲ ಹೊಲಿಯುವ ದಬ್ಬಣ, ಗಂಬೂಟು, ರೈನ್‌ಕೋಟು, ಟಾರ್ಚಿನ ಸೆಲ್ಲು, ಇವೆಲ್ಲ ನಮ್ಮ ಅಂಗಡಿಯಲ್ಲಿ ಸಿಗುತ್ತವೆ. ಬಿ.ಕಾಂ. ಓದುವಾಗ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಗಿಟಾರ್ ಕಲಿತೆ. ಓದು ಮುಗಿಸಿ ಗಿಟಾರ್ ಸಮೇತ ಊರಿಗೆ ಬಂದು ಅಂಗಡಿಯ ಗಲ್ಲಾದಲ್ಲಿ ಕೂತೆ. ಗಿರಾಕಿ ಇಲ್ಲದಾಗ ಗೋಣಿಚೀಲದ ಅಟ್ಟಿಯ ಮೇಲೆ ಕೂತು ಬಾರಿಸುವುದನ್ನು ದಿನೇಶ ಕೇಳಿಸಿಕೊಂಡ. ಅವನು ತೋಟಗಳಿಂದ ಬೀಜ ಹಸನುಮಾಡುವ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಮೂಟೆ ಸಾಗಿಸುವ ಪಿಕಪ್ಪಿನ ಮಾಲೀಕನೂ ಹೌದು, ಡ್ರೈವರೂ ಹೌದು. ಕಾಯುವ ಹೊತ್ತಿನಲ್ಲೆಲ್ಲ ಗಾಡಿಯ ಬಾಗಿಲ ಮೇಲೆ ತಾಳ ಹಾಕುತ್ತಾ ಹಾಕುತ್ತಾ, ಕೊನೆಗೆ ಸಿಲ್ವರ್ ಓಕ್ ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಿಸಿಕೊಂಡು ಅದರ ಮೇಲೆ ಕೂತು ಬಾರಿಸಲು ಶುರುಮಾಡಿದ. ಹಾಡುವವನು ಮಂಜ. ಬಣಕಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಅಪ್ಪ ಅಮ್ಮ ತೋಟದ ಕೆಲಸದವರು, ಅವನು ಬೆಳೆದದ್ದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ. ಕಾಫಿ ಕುಯ್ಯುವವರು ಗಿಡದಿಂದ ಗಿಡಕ್ಕೆ ಕೂಗಿ ಹಾಡುವುದನ್ನು ಕೇಳಿ ಬೆಳೆದ ಗಂಟಲು ಅದು.

ನಾವು ನಮ್ಮ ತಂಡಕ್ಕೆ 'ಪಾರ್ಚ್‌ಮೆಂಟ್' ಎಂದು ಹೆಸರಿಟ್ಟೆವು. ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜಕ್ಕೆ ಇಲ್ಲಿ ಹಾಗನ್ನುತ್ತಾರೆ. ಬಹಳ ಗತ್ತಿನ ಹೆಸರು ಎಂದುಕೊಂಡಿದ್ದೆವು. ಆ ಹೆಸರಿನಲ್ಲಿ ನಮ್ಮನ್ನು ಇವತ್ತಿನವರೆಗೂ ಯಾರೂ ಕರೆದಿಲ್ಲ.

ಮೊದಲ ಕಾರ್ಯಕ್ರಮ ದೀಪಾವಳಿ ಕಳೆದ ಮೇಲೆ, ಮೂಡಿಗೆರೆಯ ಒಂದು ಕಲ್ಯಾಣಮಂಟಪದ ರಿಸೆಪ್ಷನ್ನಿನಲ್ಲಿ. ನಮ್ಮ ಹತ್ತಿರ ಏನೇನಿತ್ತೋ ಎಲ್ಲವನ್ನೂ ಹೇರಿಕೊಂಡು ಹೊರಟೆವು. ನನ್ನ ಕೆಂಪು ಎಲೆಕ್ಟ್ರಿಕ್ ಗಿಟಾರ್ (ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದೆ, ನಮ್ಮಜ್ಜಿ ಹಸುವಿಗೆ ಇಡುತ್ತಿದ್ದಂತೆ), ಅದರ ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಡಲ್‌ಗಳ ಸಾಲು, ಇನ್ನೊಂದು ಮರದ ಗಿಟಾರ್, ಮಂಜನ ಎಕೋ ಮಿಷನ್, ದಿನೇಶ ಯಾರ ಕೈಕಾಲೋ ಹಿಡಿದು ತಂದ ಆಳೆತ್ತರದ ಎರಡು ಸ್ಪೀಕರ್. ಇದನ್ನೆಲ್ಲ ಪ್ಯಾಕ್ ಮಾಡುವ ಕೆಲಸ ನನ್ನದಾಯಿತು. ಟಾರ್ಪಾಲ್ ಅಂಗಡಿಯವಳಿಗೆ ಕಟ್ಟುವುದನ್ನು ಯಾರಾದರೂ ಹೇಳಿಕೊಡಬೇಕೇ? ವೈರುಗಳನ್ನೆಲ್ಲ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಅದರ ಮೇಲೆ ಸ್ಟ್ಯಾಂಡು, ಅದರ ಮೇಲೆ ಪೆಡಲು. ಚೀಲದ ಬಾಯಿಗೆ ದಬ್ಬಣದಿಂದ ಹೊಲಿಗೆ. ಎಲ್ಲದರ ಮೇಲೊಂದು ಟಾರ್ಪಾಲ್, ಅದರ ಮೇಲೆ ಎಳೆದಷ್ಟೂ ಬಿಗಿಯಾಗುವ ಗಂಟು. ಚಾರ್ಮಾಡಿ ಘಾಟಿ ಇಳಿಸಿ ಹತ್ತಿಸಿದರೂ ಒಂದಿಂಚು ಅಲ್ಲಾಡದ ಹಾಗೆ ಕಟ್ಟಿದ್ದೆ. ಮಂಟಪ ಇದ್ದದ್ದು ನಮ್ಮ ಅಂಗಡಿಯಿಂದ ಕೂಗಳತೆಯಲ್ಲಿ.

ಮಂಟಪದಲ್ಲಿ ಗಂಟು ಬಿಚ್ಚಲು ಹೋದರೆ ಬರಲಿಲ್ಲ. ದಿನೇಶ ಎಳೆದ, ಇನ್ನಷ್ಟು ಬಿಗಿಯಾಯಿತು. ಮಂಜ ಚೀಲದ ಹೊಲಿಗೆಗೆ ಹಲ್ಲು ಹಾಕಿದ. ಕೊನೆಗೆ ನಾನು ಅಡುಗೆಯವರ ಹತ್ತಿರ ಓಡಿಹೋಗಿ ಈಳಿಗೆಮಣೆ ಇಸಿದುಕೊಂಡು ಬಂದು, ರೇಷ್ಮೆ ಸೀರೆಯಲ್ಲಿ ಸ್ಟೇಜಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹಗ್ಗ ಕೊಯ್ದೆ. ಮದುಮಗಳು ನನ್ನನ್ನೇ ನೋಡುತ್ತಿದ್ದಳು. ಎಲ್ಲ ಜೋಡಿಸಿ ಮುಗಿಸುವಷ್ಟರಲ್ಲಿ ಜನ ಊಟಕ್ಕೆ ಎದ್ದಿದ್ದರು. ಕೆಂಪಿಯ ತಂತಿ ಮೀಟಿದರೆ ಸದ್ದೇ ಇಲ್ಲ. ಪೆಡಲಿನ ಅಡಾಪ್ಟರ್ ಯಾವ ಚೀಲದ ಯಾವ ಮೂಲೆಯಲ್ಲಿದೆಯೋ ಆ ಶಿವನೇ ಬಲ್ಲ. ಮೈಕಿನ ವೈರೂ ಅದರ ಜೊತೆಗೇ ಎಲ್ಲೋ ಇತ್ತು. ಮಂಜ ಬರೀ ಗಂಟಲಲ್ಲಿ ಹಾಡಿದ, ಅವನ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಒಂದು ಅಕ್ಷರ ಕೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಹೋಳಿಗೆ ತಟ್ಟೆ ಹಿಡಿದು ನಿಂತಿದ್ದ ಪ್ಲಾಂಟರ್ ಲಕ್ಷ್ಮಣ ಗೌಡರು ಜೋರಾಗಿ ಕೇಳಿದರು: "ಏನ್ ಮಾರಾಯ್ರೆ ಇದು, ಮೂಕಿ ಪಿಕ್ಚರ್ರಾ?"

ಇಡೀ ಮಂಟಪ ನಕ್ಕಿತು. ಅವತ್ತು ನಮ್ಮಿಂದ ಹೊರಟ ಸದ್ದಿಗಿಂತ ಆ ನಗುವಿನ ಸದ್ದೇ ದೊಡ್ಡದಾಗಿತ್ತು. ಮರುದಿನ ಬೆಳಿಗ್ಗೆ ಗಂಬೂಟು ಕೊಳ್ಳಲು ಬಂದ ಗಿರಾಕಿಯೊಬ್ಬ ನನ್ನ ಮುಖ ನೋಡಿ, "ನೀವೇ ಅಲ್ವಾ ಮೂಕಿ ಬ್ಯಾಂಡಿನವ್ರು?" ಅಂದ.

ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮೂರಿನಲ್ಲಿ ಅಡ್ಡಹೆಸರು ಒಮ್ಮೆ ಅಂಟಿದರೆ ಮುಗಿಯಿತು. ನಮ್ಮ ಬೀದಿಯಲ್ಲಿ ಒಬ್ಬರ ಅಜ್ಜ ಯಾವುದೋ ಕಾಲದಲ್ಲಿ ಸಂತೆಯ ನಡುವೆ ಜಾರಿ ಬಿದ್ದಿದ್ದರಂತೆ. ಅವರ ಮರಿಮಕ್ಕಳ ಮದುವೆ ಕಾಗದ ಬಂದಾಗಲೂ ಜನ ಕೇಳುವುದು, "ಯಾರದು, ಜಾರುಬಂಡೆ ಮನೆಯವರದಾ?" ಎಂದು. ಒಂದು ವರ್ಷದೊಳಗೆ ಈ ಹೆಸರನ್ನು ಕಳಚಿಕೊಳ್ಳದಿದ್ದರೆ ನಾವು ಹಾಡುವುದನ್ನು ಬಿಡಬಹುದು, ಹೆಸರು ನಮ್ಮನ್ನು ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಎರಡು ದಿನ ಗಿಟಾರ್ ಮುಟ್ಟಲಿಲ್ಲ. ಅಪ್ಪ ಮೂರನೆಯ ದಿನ ಟಾರ್ಪಾಲಿನ ಅಂಚಿಗೆ ಹಗ್ಗ ಪೋಣಿಸುವ ರಿಂಗು ಹೊಡೆಯುತ್ತಾ ತಾವಾಗಿಯೇ ಬಾಯಿಬಿಟ್ಟರು.

"ಲಾರಿಗೆ ಕಟ್ಟೋದು ಬೇರೆ, ಬುತ್ತಿ ಕಟ್ಟೋದು ಬೇರೆ ಕಣವ್ವಾ," ಅಂದರು. "ಲಾರಿ ಮೂಟೆನ ಬೀಳ್ದಂಗೆ ಕಟ್ಬೇಕು. ಬುತ್ತಿನ ಹಸ್ದವನ ಕೈಗೆ ಸಿಗೋ ಹಂಗೆ ಕಟ್ಬೇಕು. ನೀನು ಬುತ್ತಿಗೆ ಹೋಗಿ ಲಾರಿ ಗಂಟು ಹಾಕಿದೀಯ."

"ನೀವು ಅವತ್ತೇ ಹೇಳ್ಬಾರ್ದಿತ್ತಾ ಅಪ್ಪಾ?"

"ನೀನು ಕೇಳಿದ್ರೆ ತಾನೆ. ಬಿ.ಕಾಂ. ಓದಿದವ್ಳು," ಅಂದು ಮತ್ತೊಂದು ರಿಂಗು ಹೊಡೆದರು.

ಆ ಚಳಿಗಾಲ ನಾವು ಬುತ್ತಿ ಕಟ್ಟುವುದನ್ನು ಕಲಿತೆವು. ಹೊರಗೆ ಕಾಫಿ ಕುಯ್ಲಿನ ಸುಗ್ಗಿ. ಬೆಳಗಿನಿಂದ ಸಂಜೆಯವರೆಗೆ ಟಾರ್ಪಾಲಿಗೆ ಜನ ಮುಗಿಬೀಳುತ್ತಿದ್ದರು. ದಿನೇಶ ಮೂಟೆ ಇಳಿಸಿ ಬರುವಾಗ ಅವನ ಅಂಗಿಯಿಂದ ಹುಳಿತ ಕಾಫಿ ಹಣ್ಣಿನ ವಾಸನೆ ಬರುತ್ತಿತ್ತು. ಸಂಜೆ ಅಂಗಡಿಯ ಮೇಲಿನ ಅಟ್ಟದಲ್ಲಿ ಮೂವರೂ ಸೇರಿ ಜಗಳ ಆಡುತ್ತಿದ್ದೆವು. ಯಾವುದು ಬೇಕು, ಯಾವುದು ಬೇಡ ಎಂಬ ಜಗಳ. ಹೋಂಸ್ಟೇಗಳಲ್ಲಿ ಬೆಂಕಿ ಹಾಕಿ ಕೂತ ಪ್ರವಾಸಿಗಳ ಮುಂದೆ ಹಾಡಲು ಆಗಾಗ ಕರೆ ಬರುತ್ತಿತ್ತು. ಹೊರ ಊರಿನವರಾದ್ದರಿಂದ ಅವರಿಗೆ ನಮ್ಮ ಅಡ್ಡಹೆಸರು ಗೊತ್ತಿರಲಿಲ್ಲ. ಒಂದೊಂದು ಹೋಂಸ್ಟೇಯೂ ಒಂದೊಂದು ಪಾಠ ಕಲಿಸಿತು. ಒಂದು ಕಡೆ ಪ್ಲಗ್ ಪಾಯಿಂಟ್ ಅಂಗಳದಿಂದ ಹತ್ತಾರು ಮಾರು ದೂರ. ಇನ್ನೊಂದು ಕಡೆ ಕರೆಂಟೇ ಇರಲಿಲ್ಲ. ಮತ್ತೊಂದು ಕಡೆ ಇಬ್ಬನಿ ಬಿದ್ದು ತಂತಿಗಳ ಶ್ರುತಿ ಹಾಡಿನಿಂದ ಹಾಡಿಗೆ ಕದಲುತ್ತಿತ್ತು.

ಹೋಗಿ ಬಂದಮೇಲೆ ಪ್ರತಿ ಸಲವೂ ಒಂದೊಂದು ಸಾಮಾನು ಮನೆಯಲ್ಲಿ ಉಳಿಯಿತು. ಮೊದಲು ಆಳೆತ್ತರದ ಸ್ಪೀಕರ್ ಹೋಯಿತು. ಅದರ ಜಾಗಕ್ಕೆ ಸದ್ದು ದೊಡ್ಡದು ಮಾಡುವ ಒಂದು ಪುಟ್ಟ ಆಂಪ್ ಬಂತು. ಬ್ರೆಡ್ಡಿನ ಡಬ್ಬಿಯಷ್ಟು ಗಾತ್ರ, ಒಂದು ತೂತಿಗೆ ಮೈಕು, ಇನ್ನೊಂದಕ್ಕೆ ಗಿಟಾರ್. ಕರೆಂಟ್ ಇದ್ದರೆ ಕರೆಂಟು, ಇಲ್ಲದಿದ್ದರೆ ಪೆನ್ ಸೆಲ್ಲು. ಸೆಲ್ಲಿಗೆ ನಮ್ಮ ಅಂಗಡಿಯಲ್ಲಿ ಬರವೇ? ಆಮೇಲೆ ಎಕೋ ಮಿಷನ್ನಿನ ಸರದಿ. ಮಂಜ ಅಳುವುದೊಂದು ಬಾಕಿ.

"ಎಕೋ ಇಲ್ದಿದ್ರೆ ನನ್ನ ವಾಯ್ಸು ಬೋಳು ಬೋಳಾಗಿ ಕೇಳತ್ತೆ ಗಿರಿಜಕ್ಕಾ," ಅಂದ.

"ಬೋಳಾಗಿ ಕೇಳ್ಲಿ ಮಾರಾಯ. ಮೊದ್ಲು ಕೇಳ್ಲಿ," ಅಂದೆ.

ಅವನಿಗೆ ಅಷ್ಟು ಸುಲಭವಾಗಿ ಹೇಳಿದೆ. ಕೆಂಪಿಯ ಸರದಿ ಬಂದಾಗ ನಾನೇ ಎರಡು ದಿನ ಸಬೂಬು ಹೇಳಿದೆ. ಕೆಂಪಿ ಹೊರಟರೆ ಪೆಡಲುಗಳು ಹೊರಡಬೇಕು, ಪೆಡಲು ಹೊರಟರೆ ಅಡಾಪ್ಟರ್ ಹೊರಡಬೇಕು, ಅಡಾಪ್ಟರಿಗೆ ಕರೆಂಟು ಬೇಕು. ದೊಡ್ಡ ಮನೆಯ ಸೊಸೆಯ ಹಾಗೆ ಅವಳಿಗೆ ಪರಿವಾರವೇ ಜಾಸ್ತಿ. ಮರದ ಗಿಟಾರಿನ ಹೊಟ್ಟೆಯೊಳಗೆ ತಂತಿಯ ಸದ್ದು ಹಿಡಿಯುವ ಪುಟ್ಟ ಮೈಕೊಂದನ್ನು ಹಾಕಿಸಿದೆ, ಒಂದೇ ವೈರಿನಲ್ಲಿ ಅದರ ಸದ್ದು ಆಂಪಿಗೆ ಬಂತು. ಕೆಂಪಿಯನ್ನು ಬಟ್ಟೆಯಿಂದ ಒರೆಸಿ ಅಟ್ಟದ ಗೋಡೆಗೆ ನೇತುಹಾಕಿದೆ. ಅವಳ ಮುಖ ನೋಡದೆ ಕೆಳಗಿಳಿದು ಬಂದೆ.

ಚಿಲ್ಲರೆ ಸಾಮಾನುಗಳದ್ದೇ ಕೊನೆಯ ತಲೆನೋವಾಗಿತ್ತು. ಅದಕ್ಕೆ ಅಮ್ಮನ ಮೂರಂತಸ್ತಿನ ಟಿಫಿನ್ ಕ್ಯಾರಿಯರ್ ಎತ್ತಿಕೊಂಡೆ. ಅಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಕೆಳಗಿನ ಡಬ್ಬಿಯಲ್ಲಿ ಅಪರೂಪಕ್ಕೆ ಬೇಕಾಗುವ ಹೊಸ ತಂತಿ, ಸ್ಕ್ರೂಡ್ರೈವರ್, ಟೇಪು. ನಡುವಿನದರಲ್ಲಿ ಸುತ್ತಿಟ್ಟ ವೈರು. ಮೇಲಿನದರಲ್ಲಿ ಕೈ ಹಾಕಿದ ತಕ್ಷಣ ಸಿಗಬೇಕಾದದ್ದು: ತಂತಿ ಮೀಟುವ ಬಿಲ್ಲೆ, ಶ್ರುತಿ ನೋಡುವ ಟ್ಯೂನರ್, ಬಟ್ಟೆಯಲ್ಲಿ ಸುತ್ತಿದ ಹೊಸ ಸೆಲ್ಲುಗಳು. ಆಂಪಿನೊಳಗೆ ಸೆಲ್ಲು ಯಾವ ಕ್ರಮದಲ್ಲಿ, ಯಾವ ಕಡೆ ತಲೆ ಮಾಡಿ ಕೂರಬೇಕೋ ಅದೇ ಕ್ರಮದಲ್ಲಿ ಬಟ್ಟೆಯೊಳಗೆ ಮಲಗಿಸಿದ್ದೆ. ಎಲ್ಲ ಸೇರಿ ನಾಲ್ಕೇ ಸಾಮಾನು ಉಳಿದವು. ಗಿಟಾರ್, ಆಂಪು, ದಿನೇಶನ ಪೆಟ್ಟಿಗೆ, ಕ್ಯಾರಿಯರ್. ಮೈಕು ಮಂಜನ ಜೇಬಿನಲ್ಲಿ. ಅಟ್ಟದಲ್ಲಿ ಹೇಗೂ ಆಗಾಗ ಕರೆಂಟ್ ಹೋಗುತ್ತಿತ್ತಲ್ಲ, ಆಗೆಲ್ಲ ಕತ್ತಲೆಯಲ್ಲೇ ಬಿಚ್ಚಿ ಜೋಡಿಸುವ ಪಂದ್ಯ ಕಟ್ಟುತ್ತಿದ್ದೆವು. ನಾನು "ಬುತ್ತಿ!" ಎಂದರೆ ಸಾಕು, ಮೂವರೂ ತಮ್ಮ ತಮ್ಮದನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತಿರಬೇಕು. ಎದುರಿನ ಬೇಕರಿಯವರು ನಮಗೆ ತಲೆ ಕೆಟ್ಟಿದೆ ಎಂದೇ ತಿಳಿದಿದ್ದರು.

ಮಾರ್ಚ್ ತಿಂಗಳಲ್ಲಿ ಸರೋಜಾ ಟೀಚರ್ ಅಂಗಡಿಗೆ ಬಂದರು. ನಮಗೆ ಮೂವರಿಗೂ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ನಮಗೆ ಮೂಕಿ ಎಂದು ನಾಮಕರಣ ಮಾಡಿದ ಲಕ್ಷ್ಮಣ ಗೌಡರ ಹೆಂಡತಿಯೂ ಅವರೇ.

"ಈ ತಿಂಗ್ಳು ರಿಟೈರ್ ಆಗ್ತಿದೀನಿ ಕಣೇ. ನಮ್ಮನೆಯವ್ರು ತೋಟದ ಕಣದಲ್ಲಿ ಊಟ ಹಾಕಿಸ್ತಾರಂತೆ. ಬೆಂಗ್ಳೂರಿಂದ ಆರ್ಕೆಸ್ಟ್ರಾ ಕರೆಸ್ತೀನಿ ಅಂತ ಕುಣೀತಿದ್ರು, ನಾನು ಬೇಡ ಅಂದೆ. ನೀವು ಬಂದು ಹಾಡ್ಬೇಕು."

"ಟೀಚರ್, ನಮ್ಮನ್ನ ಗೌಡ್ರು..."

"ಅವ್ರು ಮೂಕಿ ಅಂದ್ರೆ ಅನ್ಲಿ. ನಿಮಗೆ ಬಾಯಿಬಿಟ್ಟು ಓದೋದು ಕಲಿಸಿದವ್ಳು ನಾನು."

ನನಗೆ ಎದೆ ತುಂಬಿ ಬಂತು. ತಾಲೂಕಿನ ಅರ್ಧ ಪ್ಲಾಂಟರುಗಳು ಆ ಊಟಕ್ಕೆ ಬರುವವರಿದ್ದರು. ಹೆಸರು ಇಟ್ಟವರ ಅಂಗಳದಲ್ಲೇ ಅದನ್ನು ತೊಳೆದುಕೊಳ್ಳಬೇಕು, ಇನ್ನೊಂದು ಸಲ ಎಡವಿದರೆ ಮರಿಮಕ್ಕಳವರೆಗೂ ಮೂಕಿಯೇ ಗತಿ. ಸಂಜೆ ಗೌಡರಿಂದ ಫೋನ್ ಬಂತು. ಅವರದು ಒಂದೇ ಷರತ್ತು.

"ಶಾಮಿಯಾನ ಇಲ್ಲ. ನೀವು ಏನ್ ಬೇಕಾದ್ರೂ ತನ್ನಿ, ಟಾರ್ಪಾಲ್ ಮಾತ್ರ ತರ್ಬೇಡಿ. ನೀವು ಟಾರ್ಪಾಲ್ ಅಂಗಡಿಯವ್ರು, ಅದ್ಕೇ ಮೊದ್ಲೇ ಹೇಳ್ತಿದೀನಿ."

ಅವರ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಅಷ್ಟೋ ಇಷ್ಟೋ ಇರುವಂಥದ್ದೇ. ಕೊಡೆ ಮರೆತ ದಿನ ಮಳೆ, ಕೊಡೆ ಹಿಡಿದ ದಿನ ಬಿಸಿಲು. ಗೌಡರದು ಮಾತ್ರ ಸ್ವಲ್ಪ ಅತಿ. ಹಿಂದೆ ಒಂದು ವರ್ಷ ಕಾಫಿ ಒಣಗಿಸುವ ಕಣದ ಪಕ್ಕ ಟಾರ್ಪಾಲ್ ಇಟ್ಟುಕೊಂಡು ತಿಂಗಳಿಡೀ ಕಾದರೂ ಮಳೆ ಬರಲಿಲ್ಲವಂತೆ. ಪಕ್ಕದ ತೋಟದವರು ಅದನ್ನು ಎರವಲು ಒಯ್ದ ದಿನವೇ ಸುರಿಯಿತಂತೆ. "ಮಳೆಗೆ ನಾಚ್ಕೆ ಜಾಸ್ತಿ ಕಣಮ್ಮಾ, ನಾವು ರೆಡಿಯಾಗಿ ಕೂತ್ರೆ ಬರಲ್ಲ," ಅಂದರು. ನಗುವ ಹಾಗೂ ಇರಲಿಲ್ಲ. ಆ ವರ್ಷ ಚಳಿಗಾಲದ ನಂತರ ಒಂದು ಹನಿ ಬಿದ್ದಿರಲಿಲ್ಲ. ಕೆರೆಯ ತಳ ಕಾಣುತ್ತಿತ್ತು, ಸ್ಪ್ರಿಂಕ್ಲರ್ ಪೈಪುಗಳು ನೀರಿಲ್ಲದೆ ಒಣಗಿ ಬಿದ್ದಿದ್ದವು. ಹೂ ಅರಳಿಸುವ ಹೂಮಳೆಗೆ ಕಾದು ಕಾದು ಮೊಗ್ಗುಗಳು ಗಿಡದಲ್ಲೇ ಕರಟಲು ಶುರುವಾಗಿದ್ದವು. ಇಡೀ ತಾಲೂಕು ಮಳೆ ಬರಲಿ ಎಂದು ಹರಕೆ ಹೊರುತ್ತಿತ್ತು. ನಾನೊಬ್ಬಳು, ಕಾರ್ಯಕ್ರಮ ಮುಗಿಯುವವರೆಗೆ ಬಾರದಿರಲಿ ಎಂದು ಶಿವನಿಗೆ ಕೈಮುಗಿಯುತ್ತಿದ್ದೆ.

ಅಪ್ಪನಿಗೆ ಷರತ್ತು ಕೇಳಿ ಮೈ ಉರಿದುಹೋಯಿತು. "ರುದ್ರಪ್ಪನ ಮಗಳು ಟಾರ್ಪಾಲ್ ಇಲ್ದೆ ಬಯಲಲ್ಲಿ ಗಿಟಾರ್ ಇಡೋದಾ? ಅಂಗಡಿ ಮಾನ ಏನಾಗ್ಬೇಕು?" ಎಂದರು. ಮಾತು ಕೊಟ್ಟಾಗಿದೆ ಅಂದೆ. ಅಪ್ಪ ಸುಮ್ಮನಾದರು. ಅವರು ಅಷ್ಟು ಬೇಗ ಸುಮ್ಮನಾದದ್ದು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಆ ದಿನ ಮಧ್ಯಾಹ್ನ ಗೌಡರ ತೋಟಕ್ಕೆ ಹೋದಾಗ ಸಿಮೆಂಟಿನ ಕಣ ಖಾಲಿಯಾಗಿ ಹೊಳೆಯುತ್ತಿತ್ತು. ಕೊಯ್ಲು ಮುಗಿದು ಕಾಫಿಯೆಲ್ಲ ಮೂಟೆಯಾಗಿ ಪಕ್ಕದ ಗೋಡೌನ್ ಸೇರಿತ್ತು. ಕಣದ ತುಂಬ ಕುರ್ಚಿ, ಸುತ್ತ ಬಣ್ಣದ ಬಲ್ಬು, ಭಾಷಣಕ್ಕೆಂದು ಬಣಕಲ್‌ನಿಂದ ಬಾಡಿಗೆಗೆ ತಂದ ಮೈಕ್‌ಸೆಟ್. ಟೀಚರ್ ನನ್ನ ಕೈ ನೋಡಿ, "ಊಟ ನಮ್ಮಲ್ಲೇ ಇದೆಯಲ್ಲೇ, ಕ್ಯಾರಿಯರ್ ಯಾಕೆ ತಂದೆ?" ಎಂದು ಬೇಜಾರು ಮಾಡಿಕೊಂಡರು. "ಇದು ಬೇರೆ ಬುತ್ತಿ ಟೀಚರ್," ಅಂದೆ.

ಸಂಜೆ ಭಾಷಣಗಳು ನಡೆದಿದ್ದವು. ಚಾರ್ಮಾಡಿ ಕಡೆಯಿಂದ ಮೋಡ ಎದ್ದಿತು. ಗಾಳಿ ಬೀಸಿತು, ಗುಡುಗಿತು, ಭಾಷಣ ಮಾಡುವವರು ಸೇರಿ ಎಲ್ಲರೂ ತಲೆ ಎತ್ತಿ ನೋಡಿದರು. ಮೋಡ ಚದುರಿಹೋಯಿತು. ಮತ್ತೆ ಕವಿಯಿತು, ಮತ್ತೆ ಚದುರಿತು. ಮೂರನೆಯ ಸಾರಿಯೂ ಹಾಗೇ ಆದಾಗ ಗೌಡರು ಕುರ್ಚಿಯಿಂದ ಎದ್ದುನಿಂತರು.

"ಯಾರೋ ಟಾರ್ಪಾಲ್ ತಂದಿದೀರಿ," ಅಂದರು. "ಯಾರು ಹೇಳಿಬಿಡಿ."

ಜನ ನಕ್ಕರು. ಗೌಡರು ನಗಲಿಲ್ಲ. ನಿಂತಿದ್ದ ಗಾಡಿಗಳನ್ನೆಲ್ಲ ಒಂದೊಂದಾಗಿ ಇಣುಕಿ ನೋಡುತ್ತಾ ಹೋದರು. ನಮ್ಮ ಪಿಕಪ್ಪಿನ ಸೀಟು ಎತ್ತಿದಾಗ ಕೆಳಗೆ ಅಚ್ಚುಕಟ್ಟಾಗಿ ಮಡಿಸಿದ ಹೊಸ ನೀಲಿ ಟಾರ್ಪಾಲ್ ಸಿಕ್ಕಿತು. ಅದಕ್ಕೆ ಸುತ್ತಿದ್ದ ಹಗ್ಗದ ಗಂಟು ನೋಡಿದ ಕೂಡಲೇ ಯಾರ ಕೈಕೆಲಸವೆಂದು ಗೊತ್ತಾಯಿತು. ಒಂದೇ ಎಳೆತಕ್ಕೆ ಬಿಚ್ಚುವ ಬುತ್ತಿ ಗಂಟು.

"ರುದ್ರಪ್ಪನ ಮಗಳೇ!" ಎಂದು ಗೌಡರು ಅದನ್ನು ಎತ್ತಿ ಹಿಡಿದರು.

"ದೇವರಾಣೆ ನಂಗೆ ಗೊತ್ತಿಲ್ಲ ಗೌಡ್ರೇ! ನಮ್ಮಪ್ಪ ಇಟ್ಟಿರ್ಬೇಕು!"

ಹಾಡುವ ಮೊದಲೇ ನಗೆಪಾಟಲಾಗಿದ್ದೆವು. ಗೌಡರು ಟಾರ್ಪಾಲನ್ನು ತಮ್ಮ ಜೀಪಿಗೆ ಎಸೆದು, ಯಾರ ಮಾತೂ ಕೇಳದೆ, ತಾವೇ ಓಡಿಸಿಕೊಂಡು ಗೇಟಿನಾಚೆ ಹೋದರು. ಅದನ್ನು ಹೆದ್ದಾರಿಯ ಬಸ್ ಶೆಲ್ಟರಿನಲ್ಲಿ ಬಿಟ್ಟು ಬರುತ್ತಾರಂತೆ. ಟೀಚರ್ ಹಣೆ ಚಚ್ಚಿಕೊಂಡು ನಮ್ಮ ಕಡೆ ತಿರುಗಿ, "ನೀವು ಶುರು ಮಾಡಿ," ಅಂದರು.

ಶುರು ಮಾಡಿದೆವು. ಮೊದಲ ಹಾಡಿನ ಎರಡನೆಯ ಚರಣದಲ್ಲಿ ಕಡಲೆಬೀಜದಷ್ಟು ದಪ್ಪದ ಒಂದು ಹನಿ ಬಂದು ಗಿಟಾರಿನ ಮುಖಕ್ಕೆ ಬಿತ್ತು. ಆಮೇಲೊಂದು. ನಾನು "ಬುತ್ತಿ!" ಎಂದು ಕಿರುಚಿದೆ.

ಜನ ಇನ್ನೂ ಚಪ್ಪಲಿ ಹುಡುಕುತ್ತಿದ್ದರು, ನಾವು ಗೋಡೌನಿನೊಳಗಿದ್ದೆವು. ಹಿಂದೆಯೇ ಎಲ್ಲರೂ ಕುರ್ಚಿ ತಲೆಮೇಲೆ ಹೊತ್ತು ನುಗ್ಗಿದರು. ಬಣ್ಣದ ಬಲ್ಬುಗಳು ಒಮ್ಮೆ ಮಿಣುಕಿ ಆರಿದವು, ಕರೆಂಟ್ ಹೋಯಿತು. ಕಣದಲ್ಲಿ ಮೈಕ್‌ಸೆಟ್ಟಿನವನು ಸ್ಪೀಕರಿನ ಮೇಲೆ ತನ್ನ ಅಂಗಿಯನ್ನೇ ಬಿಚ್ಚಿ ಹೊದಿಸುತ್ತಿದ್ದ. ಒಳಗೆ ಕಾಫಿ ಮೂಟೆಗಳ ಮಣ್ಣು ಮಣ್ಣಾದ ಒಣ ವಾಸನೆ, ಕತ್ತಲೆ, ಮೇಲೆ ಶೀಟಿನ ಮಾಡು. ಕೈ ತಡವಿಕೊಂಡೇ ಆಂಪನ್ನು ಮೂಟೆಗಳ ಮೇಲೆ ಎದೆಯೆತ್ತರಕ್ಕೆ ಇಟ್ಟು, ಸೆಲ್ಲಿನ ಗುಂಡಿ ಒತ್ತಿದೆ. ಹಾಡು ಬಿಟ್ಟಲ್ಲಿಂದ ಎತ್ತಿಕೊಂಡೆವು.

ಏನೂ ಕೇಳಲಿಲ್ಲ. ಶೀಟಿನ ಮೇಲೆ ಮಳೆ ಜಲ್ಲಿ ಸುರಿದ ಹಾಗೆ ಸುರಿಯುತ್ತಿತ್ತು. ಯಾರೋ ಮೊಬೈಲಿನ ಬೆಳಕು ಬಿಟ್ಟರು, ಆ ಬೆಳಕಿನಲ್ಲಿ ಮಂಜನ ಬಾಯಿ ಆಡುವುದು ಕಂಡಿತು. ಸದ್ದಿಲ್ಲ. ಥೇಟ್ ಆ ಮಂಟಪದ ಹಾಗೆ. ಅದೇ ಹೊತ್ತಿಗೆ ತೊಪ್ಪೆಯಾದ ಗೌಡರು ಬಾಗಿಲಲ್ಲಿ ಬಂದು ನಿಂತರು. ಈಗ ಹೇಳುತ್ತಾರೆ, ಆ ಮಾತನ್ನು ಇನ್ನೊಮ್ಮೆ ಹೇಳುತ್ತಾರೆ ಎಂದು ಕಾದೆ. ಕೈ ತಾನಾಗಿಯೇ ಆಂಪಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿತು. ದಿನೇಶ ಮಳೆಯದೇ ಲಯ ಹಿಡಿದು ಪೆಟ್ಟಿಗೆಗೆ ಗುದ್ದಿದ. ಜನ ಆ ಗುದ್ದಿಗೆ ಚಪ್ಪಾಳೆ ಸೇರಿಸಿದರು. ಮಂಜ ಕಾಫಿ ಕುಯ್ಯುವವರು ಗುಡ್ಡದಿಂದ ಗುಡ್ಡಕ್ಕೆ ಕೂಗುವಂಥ ದನಿ ತೆಗೆದ. ಎಕೋ ಇಲ್ಲದ ಆ ಬೋಳು ದನಿ ಮಳೆಯನ್ನು ಸೀಳಿಕೊಂಡು ಗೋಡೌನಿನ ಕೊನೆಯ ಮೂಟೆಯವರೆಗೆ ಹೋಯಿತು. ಗೌಡರು ಆ ಮಾತು ಹೇಳಲಿಲ್ಲ. ಒದ್ದೆ ಪಂಚೆ ಎತ್ತಿಕಟ್ಟಿ ಕುಣಿಯಲು ಶುರುಮಾಡಿದರು.

ಕುಣಿಯುತ್ತಲೇ ಮಳೆಮಾಪಕ ನೋಡಲು ಹೊರಗೆ ಓಡಿದರು. ತೋಟ ಇದ್ದವರ ಮನೆಯಲ್ಲೆಲ್ಲ ಒಂದು ಮಳೆಮಾಪಕ ಇರುತ್ತದೆ. ಲೆಕ್ಕ ಇಂಚು ಮತ್ತು ಸೆಂಟ್ಸಿನಲ್ಲಿ, ನೂರು ಸೆಂಟ್ಸಿಗೆ ಒಂದು ಇಂಚು. ಒಂದು ಇಂಚು ಬಿದ್ದರೆ ತೋಟವೆಲ್ಲ ಒಟ್ಟಿಗೆ ಹೂ ಬಿಡುತ್ತದೆ. ಅರ್ಧಕ್ಕೇ ನಿಂತರೆ ಮೊಗ್ಗು ಅರೆಬರೆ ಅರಳಿ ಕೆಟ್ಟುಹೋಗುತ್ತದೆ. ಅದಕ್ಕಿಂತ ಮಳೆ ಬಾರದಿರುವುದೇ ವಾಸಿ. ಗೌಡರು ಒಳಗೆ ಬಂದು "ಮೂವತ್ತು ಸೆಂಟ್ಸ್!" ಎಂದು ಕೂಗಿದರು. ಜನ ಶಿಳ್ಳೆ ಹೊಡೆದರು. ಇನ್ನೆರಡು ಹಾಡಿನ ಮೇಲೆ "ಐವತ್ತೈದು!" ಎಂದರು.

ಆಗಲೇ ಆಂಪಿನ ಕೆಂಪು ದೀಪ ಮಂಕಾಗಿ ಆರಿಹೋಯಿತು. ಅಷ್ಟು ಜೋರಾಗಿ ಹಾಡಿಸಿದ್ದಕ್ಕೆ ಸೆಲ್ಲು ಸತ್ತಿದ್ದವು. ಸದ್ದು ನಿಂತಿತು. ಅದೇ ಗಳಿಗೆಯಲ್ಲಿ ಮಾಡಿನ ಮೇಲೆ ಮಳೆಯೂ ತೆಳುವಾಯಿತು. ಹನಿ ಹನಿ ಎಣಿಸುವಷ್ಟು ತೆಳುವಾಯಿತು. ಗೋಡೌನಿನ ತುಂಬ ಜನ ಉಸಿರು ಬಿಗಿಹಿಡಿದು ಮೇಲೆ ನೋಡಿದರು.

"ಏಯ್, ಯಾಕೆ ನಿಲ್ಸಿದ್ರಿ!" ಗೌಡರು ಕತ್ತಲೆಯಲ್ಲಿ ಕೂಗಿದರು. "ನಿಲ್ಲಿಸ್ಬೇಡಿ ಮಾರಾಯ್ರೇ! ಮಳೆ ನಿಲ್ತಾ ಇದೆ! ಹಾಡಿ, ನಿಮ್ಮ ಕಾಲು ಹಿಡೀತೀನಿ, ಹಾಡಿ!"

ನಮ್ಮನ್ನು ಮೂಕಿ ಎಂದ ಬಾಯಿ ಅದು. ನನ್ನ ಕೈ ಕ್ಯಾರಿಯರಿನ ಕೊಂಡಿ ಬಿಚ್ಚಿ, ಮೇಲಿನ ಡಬ್ಬಿಗೆ ಇಳಿದು, ಬಟ್ಟೆಯ ಗಂಟು ಹಿಡಿದಾಗಿತ್ತು. ಒಂದೇ ಎಳೆತಕ್ಕೆ ಬಿಚ್ಚಿತು. ದಿನೇಶ ಪೆಟ್ಟಿಗೆಯ ಮೇಲೆ ಮೆಲ್ಲಗೆ ತಾಳ ಕಾಯುತ್ತಿದ್ದ, ಅದೇ ತಾಳಕ್ಕೆ ಒಂದೊಂದೇ ಸೆಲ್ಲನ್ನು ಮಲಗಿಸಿದ್ದ ಕ್ರಮದಲ್ಲೇ ಒಳಗೆ ಕೂರಿಸಿದೆ. ಬೆಳಕು ಬೇಕೆಂದು ಯಾರನ್ನೂ ಕೇಳಲಿಲ್ಲ. ಕೆಂಪು ದೀಪ ಹತ್ತಿತು. ತಂತಿ ಮೀಟಿದೆ. ಆ ಸದ್ದು ಕೇಳಿ ನನಗೇ ಮೈ ಜುಮ್ಮೆಂದಿತು, ಅಷ್ಟು ತುಂಬಿಕೊಂಡು ಬಂತು.

ಹಾಡಿನಿಂದ ಮಳೆ ಬಂತು ಎಂದು ನಾನು ಹೇಳುವುದಿಲ್ಲ. ಮೋಡಕ್ಕೆ ಅದರದೇ ಲೆಕ್ಕ ಇರುತ್ತದೆ. ಆದರೆ ಮಂಜ ಪಲ್ಲವಿ ಎತ್ತಿದ ಮೇಲೆ ಚಾರ್ಮಾಡಿ ಕಡೆಯಿಂದ ಇನ್ನೊಂದು ಸುತ್ತು ಗಾಳಿ ಬಂದದ್ದು, ಮಾಡಿನ ಮೇಲೆ ಮಳೆ ಮತ್ತೆ ದಪ್ಪವಾಗಿ ಇಳಿದದ್ದು ಅಲ್ಲಿದ್ದವರೆಲ್ಲ ಕೇಳಿದ್ದಾರೆ. ಈ ಸಲ ಅದು ಅಬ್ಬರಿಸಲಿಲ್ಲ, ಹದವಾಗಿ ಬಿತ್ತು, ನಮ್ಮ ಸದ್ದಿಗೆ ಜಾಗ ಬಿಟ್ಟುಕೊಟ್ಟೇ ಬಿತ್ತು. ಜನ ಮೂಟೆಗಳ ಮೇಲೆ ಹತ್ತಿ ಕೂತು ಕೋರಸ್ ಹಾಡಿದರು. ಟೀಚರ್ ಸೆರಗು ಸಿಕ್ಕಿಸಿ ತಾಳ ಹಾಕಿದರು. ಕೊನೆಗೆ ಗೌಡರು ಮಳೆಮಾಪಕದ ಗಾಜಿನ ಕೊಳವೆಯನ್ನು ಎರಡೂ ಕೈಯಲ್ಲಿ ತೀರ್ಥದ ಹಾಗೆ ಹಿಡಿದುಕೊಂಡು ಒಳಗೆ ಬಂದರು. "ಇಂಚು ದಾಟ್ತು!" ಎಂದರು. ಅಲ್ಲೇ ಒಂದು ಮೂಟೆಯ ಮೇಲೆ ಕುಸಿದು ಕೂತು, "ಸಾಕು, ಇನ್ನು ಸುಧಾರಿಸ್ಕೊಳ್ಳಿ," ಅಂದರು.

"ಇಲ್ಲ ಗೌಡ್ರೇ, ಇನ್ನೂ ಸೆಲ್ಲಿದೆ," ಅಂದೆ. ಇನ್ನೂ ನಾಲ್ಕು ಹಾಡು ಹಾಡಿದೆವು. ಜೀವಮಾನದಲ್ಲಿ ಅಷ್ಟು ಸೊಕ್ಕಿನಿಂದ ನಾನು ಯಾವತ್ತೂ ಗಿಟಾರ್ ಬಾರಿಸಿಲ್ಲ.

ಊಟದ ಹೊತ್ತಿಗೆ ಟೀಚರ್ ಎಲ್ಲರಿಗೂ ಕೇಳುವಂತೆ, "ರೀ, ಮೂಕಿ ಬ್ಯಾಂಡ್ ಅಂತ ಯಾರೋ ಅಂದಿದ್ರಲ್ಲ?" ಅಂದರು.

"ಯಾರು ಅಂದದ್ದು? ಅವ್ನ ಬಾಯಿಗೆ ಮಣ್ಣು ಹಾಕ," ಅಂದರು ಗೌಡರು. "ಇವ್ರು ಮಳೆ ಬ್ಯಾಂಡಿನವ್ರು."

ನಾವು ಮೂಡಿಗೆರೆ ತಲುಪುವ ಮೊದಲೇ "ನಿಲ್ಲಿಸ್ಬೇಡಿ ಮಾರಾಯ್ರೇ" ಎಂದು ಗೌಡರು ಕೂಗುವ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದು ಊರು ಸೇರಿತ್ತು. ಅಪ್ಪ ಅರ್ಧ ಎಳೆದ ಶಟರಿನ ಕೆಳಗೆ ಸ್ಟೂಲು ಹಾಕಿಕೊಂಡು ಕಾದಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಟಾರ್ಪಾಲ್ ಉಪಯೋಗಕ್ಕೆ ಬಂತಾ?"

"ಬಂತಪ್ಪಾ. ಅದು ಗೇಟು ದಾಟಿದ್ಮೇಲೇ ಮಳೆ ಬಂದಿದ್ದು," ಅಂದೆ.

ಅಪ್ಪ ಸ್ಟೂಲಿನಿಂದ ಎದ್ದರು. "ನೋಡಿದ್ಯಾ, ನಮ್ಮ ಮಾಲು ಕಂಡ್ರೆ ಮಳೆನೂ ಹೆದ್ರತ್ತೆ," ಎಂದು ಎದೆಯುಬ್ಬಿಸಿ ಶಟರ್ ಎಳೆದರು.

ವಾರ ಕಳೆದ ಮೇಲೆ ಗೌಡರು ತೋಟ ನೋಡಲು ಕರೆದರು. ಹೋದರೆ ಗುಡ್ಡಕ್ಕೆ ಗುಡ್ಡವೇ ಬಿಳಿ. ಒಂದು ಗಿಡ ತಪ್ಪದೆ ಹೂವಾಗಿತ್ತು, ಜೇನುಹುಳಗಳ ಗುಂಯ್‌ಗುಡುವಿಕೆಗೆ ಮಾತು ಕೇಳುತ್ತಿರಲಿಲ್ಲ. ಬಸ್ ಶೆಲ್ಟರಿನಿಂದ ವಾಪಸ್ ತಂದಿಟ್ಟಿದ್ದ ನೀಲಿ ಟಾರ್ಪಾಲನ್ನು ಗೌಡರು ಆ ಹೂವಿನ ನಡುವೆ ನನ್ನ ಕೈಗೆ ಕೊಟ್ಟರು. ಹೊಸ ಪ್ಲಾಸ್ಟಿಕ್ಕಿನ ವಾಸನೆಗೂ ಕಾಫಿ ಹೂವಿನ ವಾಸನೆಗೂ ಅವತ್ತು ನನ್ನ ಮೂಗಿನಲ್ಲಿ ಬಿದ್ದ ಗಂಟು ಇವತ್ತಿಗೂ ಬಿಚ್ಚಿಲ್ಲ.

ಅಂದಿನಿಂದ ಪ್ರತಿ ಮಾರ್ಚಿಗೂ ಕರೆ ಬರುತ್ತದೆ. ಏನು ಹಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಟಾರ್ಪಾಲ್ ಬಿಟ್ಟು ಬನ್ನಿ ಎಂದಷ್ಟೇ ಹೇಳುತ್ತಾರೆ. ಎಷ್ಟೋ ಸಲ ಮಳೆ ಬಂದಿಲ್ಲ, ಆದರೂ ಕರೆಯುವುದು ನಿಂತಿಲ್ಲ. ಹೋದ ವಾರ ಜಾವಳಿಯ ತೋಟದ ಗೇಟಿನಲ್ಲಿ ಕಾವಲಿನವನು ಸೀಟಿನ ಕೆಳಗೆ ಕೈಹಾಕಿ ತಡಕಿ ನೋಡಿದ ಮೇಲೇ ಗಾಡಿ ಒಳಗೆ ಬಿಟ್ಟ. "ಮಳೆ ಬ್ಯಾಂಡಿನವ್ರು ಬಂದ್ರು!" ಎಂದು ಮನೆ ಕಡೆ ಕೂಗಿದ. ಆಕಾಶ ನೋಡಿದೆ. ಒಂದು ತುಂಡು ಮೋಡವಿರಲಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಣದಲ್ಲಿ ಒಂದು ಕುರ್ಚಿಯೂ ಕಾಣದೆ, ದಿನ ತಪ್ಪಿ ಬಂದೆವೇನೋ ಎಂದು ಗಾಬರಿಯಾಯಿತು. ಪಕ್ಕದ ಗೋಡೌನಿನ ಬಾಗಿಲು ತೆರೆದಿತ್ತು. ಇಣುಕಿದೆ. ಕುರ್ಚಿಗಳನ್ನೆಲ್ಲ ಮೊದಲೇ ಒಳಗೆ ಹಾಕಿ, ಜನ ಕೂತು ಕಾಯುತ್ತಿದ್ದರು.